ಸ್ಲೋ ಕುಕ್ಕರ್ ಎಷ್ಟು ವಿದ್ಯುತ್ ಉಣ್ಣುತ್ತದೆ: ಮನೆಯಲ್ಲೇ ಅಳೆದು ತಿಳಿಯುವ ಬಗೆ

ಸ್ಲೋ ಕುಕ್ಕರ್ ಎಂದರೆ ಪಿಂಗಾಣಿ ಪಾತ್ರೆಯಲ್ಲಿಟ್ಟ ಅಡುಗೆಯನ್ನು ಗಂಟೆಗಟ್ಟಲೆ ನಿಧಾನವಾಗಿ ಬೇಯಿಸುವ ವಿದ್ಯುತ್ ಉಪಕರಣ. ಅದನ್ನು ಮಾರುವವರು “ಒಂದೆರಡು ಬಲ್ಬ್ ಉರಿಯುವಷ್ಟೇ ಕರೆಂಟ್ ಸಾಕು” ಎಂದು ಹೇಳುವುದುಂಟು. ನೂರು ವಾಟಿನ ತಂತಿ ಬಲ್ಬುಗಳು ಮನೆಮನೆಯಲ್ಲೂ ಉರಿಯುತ್ತಿದ್ದ ಕಾಲಕ್ಕೆ ಆ ಮಾತು ನಿಜವಾಗಿತ್ತು. ಈಗ ನಮ್ಮ ಕೋಣೆಗಳಲ್ಲಿ ಇರುವುದು 9 ವಾಟಿನ ಎಲ್‌ಇಡಿ ಬಲ್ಬುಗಳು. ಆ ಲೆಕ್ಕದಲ್ಲಿ 200 ವಾಟಿನ ಒಂದು ಸ್ಲೋ ಕುಕ್ಕರ್ ಇಪ್ಪತ್ತೆರಡು ಬಲ್ಬುಗಳಿಗೆ ಸಮ, ಅದೂ ಏಳೆಂಟು ಗಂಟೆಗಳ ಕಾಲ. ಹಾಗೆಂದು ಇದು ದುಬಾರಿಯ ಉಪಕರಣವೆಂದೂ ಹೇಳಲಾಗದು. ಅಗ್ಗವೋ ದುಬಾರಿಯೋ ಎಂಬುದು ಯಾವುದರೊಂದಿಗೆ ಹೋಲಿಸುತ್ತೇವೆ ಎಂಬುದರ ಮೇಲೆ ನಿಂತಿದೆ. ಇಂಗ್ಲೆಂಡ್, ಅಮೆರಿಕಗಳಲ್ಲಿ ಬರೆಯಲಾದ ಉಳಿತಾಯದ ಲೆಕ್ಕಗಳು ಸ್ಲೋ ಕುಕ್ಕರನ್ನು ವಿದ್ಯುತ್ ಓವನ್ನಿನ ಎದುರು ನಿಲ್ಲಿಸುತ್ತವೆ. ಕರ್ನಾಟಕದ ಅಡುಗೆಮನೆಯಲ್ಲಿ ಅದರ ಎದುರಾಳಿ ಪ್ರೆಶರ್ ಕುಕ್ಕರ್. ಹೋಲಿಕೆ ಬದಲಾದ ಕೂಡಲೇ ಉತ್ತರವೂ ತಲೆಕೆಳಗಾಗುತ್ತದೆ. ಆದ್ದರಿಂದ ಯಾರದೋ ಲೆಕ್ಕವನ್ನು ನಂಬುವುದಕ್ಕಿಂತ ನಿಮ್ಮ ಮನೆಯ ಲೆಕ್ಕವನ್ನು ನೀವೇ ಹಾಕಿಕೊಳ್ಳುವುದು ಲೇಸು. ಅದಕ್ಕೆ ಬೇಕಾಗುವುದು ಒಂದು ಗಡಿಯಾರ, ಕಾಗದ ಪೆನ್ನು ಮತ್ತು ಒಂದು ಬಿಡುವಿನ ಬೆಳಗ್ಗೆ.

ಮೊದಲು ತಳದ ಚೀಟಿಯನ್ನು ಓದಿ

ಪ್ಲಗ್ ತೆಗೆದು, ಒಳಗಿನ ಪಿಂಗಾಣಿ ಪಾತ್ರೆಯನ್ನು ಎತ್ತಿಟ್ಟು, ಹೊರಕವಚವನ್ನು ಮಗುಚಿ ನೋಡಿದರೆ ತಳದಲ್ಲಿ ಒಂದು ಚೀಟಿಯೋ ಅಚ್ಚೊತ್ತಿದ ತಗಡೋ ಇರುತ್ತದೆ. ಅದರಲ್ಲಿ ವೋಲ್ಟ್ ಮತ್ತು ವಾಟ್ ಎರಡನ್ನೂ ಬರೆದುಕೊಳ್ಳಿ. ಒಂದೂವರೆ ಲೀಟರಿನ ಪುಟ್ಟ ಕುಕ್ಕರುಗಳು ಸುಮಾರು 120 ವಾಟ್, ಮೂರೂವರೆ ಲೀಟರಿನವು 200 ವಾಟಿನ ಆಸುಪಾಸು, ಆರು ಲೀಟರಿನವು 240ರಿಂದ 320 ವಾಟ್ ಇರುವುದು ಸಾಮಾನ್ಯ. ಒಂದು ಯೂನಿಟ್ ಎಂದರೆ ಸಾವಿರ ವಾಟ್ ಒಂದು ಗಂಟೆ ಉರಿದಷ್ಟು. ಹೀಗಾಗಿ 200 ವಾಟಿನ ಕುಕ್ಕರ್ ಐದು ಗಂಟೆ ನಿರಂತರವಾಗಿ ಉರಿದರೆ ಒಂದು ಯೂನಿಟ್ ಆಗುತ್ತದೆ, ಏಳು ಗಂಟೆಗೆ 1.4 ಯೂನಿಟ್.

ಚೀಟಿಯ ಮೇಲಿನ ಅಂಕಿ ಗರಿಷ್ಠ ಬಳಕೆಯದು, ಅಂದರೆ ಸಾಮಾನ್ಯವಾಗಿ ‘ಹೈ’ ಗುರುತಿನಲ್ಲಿಟ್ಟಾಗಿನದು, ಎಂಬುದನ್ನು ಮರೆಯಬಾರದು. ಗುಂಡಿ ತಿರುಗಿಸುವ ಸರಳ ಕುಕ್ಕರುಗಳಲ್ಲಿ ಕಾಯುವ ತಂತಿ ಆರದೆ ಒಂದೇ ಸಮನೆ ಉರಿಯುತ್ತದೆ. ‘ಲೋ’ಗೆ ತಿರುಗಿಸಿದಾಗ ಅದೇ ತಂತಿ ಕಡಿಮೆ ವಾಟಿನಲ್ಲಿ ಉರಿಯುತ್ತದೆ, ಅಷ್ಟೇ. ಅಂಕಿ ತೋರಿಸುವ ಪರದೆಯುಳ್ಳ ಡಿಜಿಟಲ್ ಮಾದರಿಗಳು ಉಷ್ಣತೆಯನ್ನು ನೋಡಿಕೊಂಡು ತಂತಿಯನ್ನು ಆಗಾಗ ಆರಿಸಿ ಹೊತ್ತಿಸುತ್ತವೆ. ಮೊದಲನೆಯ ಬಗೆಗೆ ವಾಟ್ ಮತ್ತು ಗಂಟೆಗಳ ಗುಣಾಕಾರ ಬಹುತೇಕ ಸರಿಯಾದ ಉತ್ತರ ಕೊಡುತ್ತದೆ; ಎರಡನೆಯದಕ್ಕೆ ಅಳೆಯದೆ ಬೇರೆ ದಾರಿಯಿಲ್ಲ.

ಇಲ್ಲಿಯೇ ಒಂದು ತಪ್ಪು ತಿಳಿವಳಿಕೆಯನ್ನು ಬಿಡಿಸಬೇಕು. ‘ಲೋ’ನಲ್ಲಿಟ್ಟರೆ ವಿದ್ಯುತ್ ಉಳಿಯುತ್ತದೆ ಎಂದು ಅನೇಕರು ನಂಬಿದ್ದಾರೆ. ‘ಲೋ’ ಮತ್ತು ‘ಹೈ’ ಎರಡೂ ಕೊನೆಗೆ ತಲುಪುವುದು ಹೆಚ್ಚುಕಡಿಮೆ ಒಂದೇ ಬಿಸಿಯನ್ನು, ಅಂದರೆ ಕುದಿಯುವುದಕ್ಕೆ ತುಸು ಕೆಳಗಿನ ಮಟ್ಟವನ್ನು. ವ್ಯತ್ಯಾಸವಿರುವುದು ಅಲ್ಲಿಗೆ ತಲುಪಲು ಹಿಡಿಯುವ ಸಮಯದಲ್ಲಿ. ‘ಹೈ’ನಲ್ಲಿ 270 ವಾಟ್ ಎಳೆಯುವ ಕುಕ್ಕರ್ ನಾಲ್ಕು ಗಂಟೆಯಲ್ಲಿ ಅಡುಗೆ ಮುಗಿಸಿದರೆ 1.08 ಯೂನಿಟ್, ಅದೇ ಕುಕ್ಕರ್ ‘ಲೋ’ನಲ್ಲಿ 190 ವಾಟ್ ಎಳೆಯುತ್ತ ಎಂಟು ಗಂಟೆ ತೆಗೆದುಕೊಂಡರೆ 1.52 ಯೂನಿಟ್. ಸಾವಕಾಶವಾಗಿ ಬೆಂದಷ್ಟೂ ಹೊರಗೆ ಸೋರಿಹೋಗುವ ಬಿಸಿ ಹೆಚ್ಚು. ‘ಲೋ’ ಇರುವುದು ನೀವು ಮನೆಯಲ್ಲಿಲ್ಲದ ಹೊತ್ತಿಗೆ, ಬಿಲ್ಲಿನ ಸಲುವಾಗಿ ಅಲ್ಲ.

ಮೀಟರಿನ ಕೆಂಪು ದೀಪವನ್ನು ಎಣಿಸಿ

ಈಗ ಅಳೆಯುವ ಕೆಲಸ. ಮನೆಯ ಡಿಜಿಟಲ್ ವಿದ್ಯುತ್ ಮೀಟರಿನ ಮುಖದ ಮೇಲೆ ಒಂದು ಸಣ್ಣ ಕೆಂಪು ದೀಪ ಮಿಣುಕುತ್ತಿರುತ್ತದೆ. ಅದರ ಬಳಿಯಲ್ಲೇ ಒಂದು ಯೂನಿಟ್ಟಿಗೆ ಎಷ್ಟು ಮಿಣುಕು ಎಂಬುದನ್ನು ಅಚ್ಚು ಹಾಕಿರುತ್ತಾರೆ. 3200 ಅಥವಾ 1600 ಎಂಬ ಸಂಖ್ಯೆಗಳು ಹೆಚ್ಚಾಗಿ ಕಾಣಸಿಗುತ್ತವೆ. ನಿಮ್ಮ ಮೀಟರಿನಲ್ಲಿ ಇರುವ ಸಂಖ್ಯೆಯನ್ನೇ ಹಿಡಿಯಿರಿ, ಪಕ್ಕದ ಮನೆಯದನ್ನಲ್ಲ.

ಕುಕ್ಕರಿನೊಳಗೆ ಅರ್ಧಕ್ಕಿಂತ ತುಸು ಮೇಲೆ ನೀರು ತುಂಬಿ, ಮುಚ್ಚಳ ಹಾಕಿ, ಬೇಕಾದ ಗುರುತಿಗೆ ತಿರುಗಿಸಿ. ಬಳಿಕ ಮನೆಯ ಉಳಿದ ಎಲ್ಲವನ್ನೂ ಆರಿಸಿ: ಫ್ರಿಜ್, ಫ್ಯಾನ್, ಗೀಸರ್, ಟಿವಿಯ ಪೆಟ್ಟಿಗೆ, ಇಂಟರ್ನೆಟ್ಟಿನ ರೂಟರ್, ಗೋಡೆಗೆ ಸಿಕ್ಕಿಸಿ ಮರೆತ ಚಾರ್ಜರುಗಳು. ಇನ್ವರ್ಟರ್ ಇರುವವರು ಅದನ್ನೂ ಮುಖ್ಯ ಸ್ವಿಚ್ಚಿನಲ್ಲಿ ಆರಿಸಬೇಕು; ಇಲ್ಲದಿದ್ದರೆ ಬ್ಯಾಟರಿ ತುಂಬಿಕೊಳ್ಳುವ ವಿದ್ಯುತ್ತೂ ಲೆಕ್ಕಕ್ಕೆ ಸೇರಿಕೊಂಡು ಶ್ರಮವೆಲ್ಲ ವ್ಯರ್ಥವಾಗುತ್ತದೆ. ಈಗ ಸರಿಯಾಗಿ ಹತ್ತು ನಿಮಿಷ ಮಿಣುಕುಗಳನ್ನು ಎಣಿಸಿ. ಮೀಟರಿನ ಮುಂದೆ ನಿಂತು ಎಣಿಸುವುದು ಬೇಸರವೆನಿಸಿದರೆ ಮೊಬೈಲಿನಲ್ಲಿ ವಿಡಿಯೋ ತೆಗೆದು ಕುಳಿತಲ್ಲೇ ಎಣಿಸಬಹುದು.

ಮೀಟರಿನ ಸಂಖ್ಯೆ 3200 ಎಂದಿದ್ದು ಹತ್ತು ನಿಮಿಷದಲ್ಲಿ 107 ಮಿಣುಕು ಬಂದಿತೆಂದು ಇಟ್ಟುಕೊಳ್ಳೋಣ. 107ನ್ನು 3200ರಿಂದ ಭಾಗಿಸಿದರೆ 0.0334 ಯೂನಿಟ್, ಒಂದು ಗಂಟೆಯಲ್ಲಿ ಇಂತಹ ಆರು ಹತ್ತು ನಿಮಿಷಗಳಿರುವುದರಿಂದ ಆರರಿಂದ ಗುಣಿಸಿದರೆ ಗಂಟೆಗೆ 0.2 ಯೂನಿಟ್, ಅರ್ಥಾತ್ 200 ವಾಟ್. ಚೀಟಿಯಲ್ಲಿ 230 ವಾಟ್ ಎಂದಿದ್ದು ನಿಮಗೆ 200 ಸಿಕ್ಕಿದರೆ ಗಾಬರಿಯಾಗಬೇಕಿಲ್ಲ. ಕಾಯುವ ತಂತಿ ಎಳೆಯುವ ವಿದ್ಯುತ್ತು ವೋಲ್ಟೇಜಿನ ವರ್ಗಕ್ಕೆ, ಅಂದರೆ ವೋಲ್ಟೇಜನ್ನು ಅದರಿಂದಲೇ ಗುಣಿಸಿದಾಗ ಬರುವ ಸಂಖ್ಯೆಗೆ, ಅನುಗುಣವಾಗಿ ಏರಿಳಿಯುತ್ತದೆ. ಸಂಜೆಯ ಹೊತ್ತು ವೋಲ್ಟೇಜ್ 230ರಿಂದ 180ಕ್ಕೆ ಇಳಿಯುವ ಊರುಗಳಲ್ಲಿ 200 ವಾಟಿನ ಕುಕ್ಕರ್ ವಾಸ್ತವದಲ್ಲಿ 122 ವಾಟಿನಷ್ಟೇ ಕೆಲಸ ಮಾಡುತ್ತದೆ. ಬಿಲ್ ಕಡಿಮೆಯಾಯಿತೆಂದು ಸಂತೋಷಪಡುವ ಸಂಗತಿ ಇದಲ್ಲ. ಅಡುಗೆ ಬಿಸಿಯೇರಲು ಹಿಡಿಯುವ ಸಮಯ ಬಹಳ ಹೆಚ್ಚುತ್ತದೆ, ಅದರ ಅಪಾಯವನ್ನು ಮುಂದೆ ಹೇಳುತ್ತೇನೆ.

ಅಪಾರ್ಟ್‌ಮೆಂಟುಗಳಲ್ಲಿ ಮೀಟರುಗಳು ನೆಲಮಾಳಿಗೆಯ ಬೀಗ ಹಾಕಿದ ಕೋಣೆಯಲ್ಲಿರುವುದರಿಂದ ಈ ಉಪಾಯ ನಡೆಯದು. ಅಂತಹವರು ಪ್ಲಗ್ಗಿಗೂ ಗೋಡೆಯ ಸಾಕೆಟ್ಟಿಗೂ ನಡುವೆ ಸಿಕ್ಕಿಸುವ ಪುಟ್ಟ ಎನರ್ಜಿ ಮೀಟರನ್ನೋ ಬಳಕೆ ತೋರಿಸುವ ಸ್ಮಾರ್ಟ್ ಪ್ಲಗ್ಗನ್ನೋ ಕೊಳ್ಳಬಹುದು. ಒಮ್ಮೆ ಕೊಂಡರೆ ಫ್ರಿಜ್ಜಿನಿಂದ ಹಿಡಿದು ಹಳೆಯ ಮಿಕ್ಸಿಯವರೆಗೆ ಎಲ್ಲದರ ಗುಟ್ಟೂ ಹೊರಬೀಳುತ್ತದೆ, ಹೀಗಾಗಿ ಖರ್ಚು ದಂಡವಲ್ಲ. ಡಿಜಿಟಲ್ ಕುಕ್ಕರ್ ಇರುವವರಿಗಂತೂ ಇದೇ ಸರಿಯಾದ ಮಾರ್ಗ, ಏಕೆಂದರೆ ತಂತಿ ಆರಿ ಹೊತ್ತುವ ಆಟವನ್ನು ಹತ್ತು ನಿಮಿಷದ ಎಣಿಕೆ ಹಿಡಿಯಲಾರದು. ಅಡುಗೆ ಇಟ್ಟಾಗಿನಿಂದ ಇಳಿಸುವವರೆಗಿನ ಒಟ್ಟು ಯೂನಿಟ್ಟನ್ನೇ ನೋಡಬೇಕು. ಬೇರೆ ಬೇರೆ ಅಡುಗೆಗಳಿಗೆ ಮೂರು ಬಾರಿಯಾದರೂ ಅಳೆದು ಬರೆದಿಡಿ.

ನಿಮ್ಮ ಮನೆಯ ಯೂನಿಟ್ಟಿನ ಬೆಲೆ ಯಾವುದು?

ಯೂನಿಟ್ ಎಷ್ಟೆಂದು ತಿಳಿದ ಮೇಲೆ ಅದನ್ನು ರೂಪಾಯಿಗೆ ತಿರುಗಿಸಬೇಕು. ಹೆಚ್ಚಿನವರು ಎಡವುವುದು ಇಲ್ಲಿಯೇ. ಕರ್ನಾಟಕದಲ್ಲಿ ಗೃಹಬಳಕೆಯ ದರ 2024ರ ಏಪ್ರಿಲ್‌ನಿಂದ ಯೂನಿಟ್ಟಿಗೆ 5 ರೂಪಾಯಿ 90 ಪೈಸೆ ಇತ್ತು. 2025ರ ಏಪ್ರಿಲ್‌ನಿಂದ 5 ರೂಪಾಯಿ 80 ಪೈಸೆಗೆ ಇಳಿಯಿತು. ಆದರೆ ಅದೇ ಬಿಲ್ಲಿನಲ್ಲಿ ಇಂಧನ ಹೊಂದಾಣಿಕೆ ಶುಲ್ಕ, ನೌಕರರ ಪಿಂಚಣಿಯ ಬಾಬತ್ತಿನ ಶುಲ್ಕ ಮತ್ತು ವಿದ್ಯುತ್ ತೆರಿಗೆಗಳು ಸೇರಿಕೊಳ್ಳುವುದರಿಂದ ಕೈಬಿಡುವ ಹಣ ಅದಕ್ಕಿಂತ ಹೆಚ್ಚು. ನಿಮ್ಮ ಬಿಲ್ಲಿನ ಒಟ್ಟು ಮೊತ್ತದಿಂದ ನಿಗದಿತ ಶುಲ್ಕವನ್ನು ಕಳೆದು, ಉಳಿದದ್ದನ್ನು ಯೂನಿಟ್ಟುಗಳಿಂದ ಭಾಗಿಸಿದರೆ ನಿಜವಾದ ಬೆಲೆ ಸಿಗುತ್ತದೆ. ನಿಗದಿತ ಶುಲ್ಕವನ್ನು ಕಳೆಯುವುದು ಏಕೆಂದರೆ, ಅದು ಮನೆಗೆ ಮಂಜೂರಾದ ಕಿಲೋವಾಟನ್ನು ಅವಲಂಬಿಸಿದ್ದು. ನೀವು ಕುಕ್ಕರ್ ಹಚ್ಚಿದರೂ ಬಿಟ್ಟರೂ ಬದಲಾಗದು. ಮುಂದಿನ ಲೆಕ್ಕಗಳಿಗೆ ಯೂನಿಟ್ಟಿಗೆ 7 ರೂಪಾಯಿ ಎಂದು ತುಸು ಮೇಲಕ್ಕೇ ಹಿಡಿದಿದ್ದೇನೆ. ಏಳು ಗಂಟೆಯ ಒಂದು ಅಡುಗೆಗೆ 1.4 ಯೂನಿಟ್, ಅಂದರೆ 9 ರೂಪಾಯಿ 80 ಪೈಸೆ. ತಿಂಗಳಿಗೆ ಹನ್ನೆರಡು ಬಾರಿ ಹಚ್ಚಿದರೆ 17 ಯೂನಿಟ್ಟಿಗೆ ಹತ್ತಿರ, ಸುಮಾರು 118 ರೂಪಾಯಿ.

ಗೃಹಜ್ಯೋತಿಯ ಫಲಾನುಭವಿಗಳಿಗೆ ಈ ಸರಳ ಗುಣಾಕಾರ ಅನ್ವಯಿಸುವುದಿಲ್ಲ. 2023ರ ಜುಲೈಯಿಂದ ಜಾರಿಗೆ ಬಂದ ಈ ಯೋಜನೆಯಲ್ಲಿ ಪ್ರತಿ ಮನೆಗೂ ಅದರ 2022–23ರ ಸರಾಸರಿ ಬಳಕೆಯ ಮೇಲೆ ಶೇಕಡ 10ರಷ್ಟು ಸೇರಿಸಿ ಅರ್ಹ ಯೂನಿಟ್ ಗೊತ್ತುಮಾಡಿದ್ದಾರೆ. ತೀರ ಕಡಿಮೆ ಬಳಸುತ್ತಿದ್ದ ಮನೆಗಳಿಗೆ ಶೇಕಡಾವಾರಿನ ಬದಲು ಹತ್ತು ಯೂನಿಟ್ ಸೇರಿಸುವ ತಿದ್ದುಪಡಿ ಆಮೇಲೆ ಬಂದಿತು. ಅರ್ಹ ಯೂನಿಟ್ಟಿನ ಒಳಗಿದ್ದರೆ ಬಿಲ್ ಶೂನ್ಯ. ಅದನ್ನು ದಾಟಿ 200ರ ಒಳಗಿದ್ದರೆ ಹೆಚ್ಚಾದ ಯೂನಿಟ್ಟುಗಳಿಗೆ ಮಾತ್ರ ಹಣ. 200ನ್ನು ದಾಟಿದರೆ ಆ ತಿಂಗಳ ಪೂರ್ತಿ ಬಿಲ್ಲನ್ನು ಕಟ್ಟಬೇಕು.

ಇದರ ಪರಿಣಾಮವನ್ನು ಒಂದು ಉದಾಹರಣೆಯಿಂದ ನೋಡಬಹುದು. ಅರ್ಹತೆ 190 ಇದ್ದು 188 ಯೂನಿಟ್ ಬಳಸುವ ಮನೆಗೆ ಬಿಲ್ಲೇ ಇರುವುದಿಲ್ಲ. ಆ ಮನೆಯವರು ಸ್ಲೋ ಕುಕ್ಕರ್ ತಂದು ಮೇಲೆ ಹೇಳಿದಂತೆ ತಿಂಗಳಿಗೆ 17 ಯೂನಿಟ್ ಸೇರಿಸಿದರೆ ಬಳಕೆ 205ಕ್ಕೆ ಏರುತ್ತದೆ. ಆಗ 205 ಯೂನಿಟ್ಟಿಗೂ ದರ, ಜೊತೆಗೆ ನಿಗದಿತ ಶುಲ್ಕ, ಎರಡೂ ಸೇರಿ ಸಾವಿರದ ನಾನೂರು ರೂಪಾಯಿ ಮೀರಿದ ಬಿಲ್ ಕೈಗೆ ಬರುತ್ತದೆ. ನೂರು ಚಿಲ್ಲರೆ ರೂಪಾಯಿಯ ವಿದ್ಯುತ್ತಿಗೆ ತೆತ್ತ ಬೆಲೆ ಇದು. ಅದೇ 90 ಯೂನಿಟ್ ಬಳಸುತ್ತ 120ರ ಅರ್ಹತೆ ಇರುವ ಮನೆಗೆ ಆ 17 ಯೂನಿಟ್ ಪುಕ್ಕಟೆ. ಒಂದೇ ಕುಕ್ಕರ್, ಒಂದೇ ಅಡುಗೆ, ಒಂದು ಮನೆಗೆ ಸೊನ್ನೆ, ಇನ್ನೊಂದು ಮನೆಗೆ ಸಾವಿರ. ಆದುದರಿಂದ ಕೊಳ್ಳುವ ಮೊದಲು ಕಳೆದ ಆರು ತಿಂಗಳ ಬಿಲ್ಲುಗಳನ್ನು ಒಟ್ಟಿಗೆ ಇಟ್ಟುಕೊಂಡು, ಅದರಲ್ಲೂ ಫ್ಯಾನ್ ಹಗಲಿರುಳು ತಿರುಗುವ ಏಪ್ರಿಲ್ ಮೇ ತಿಂಗಳಿನವನ್ನು, ಗಮನಿಸಿ.

ಪ್ರೆಶರ್ ಕುಕ್ಕರಿನ ಪಕ್ಕದಲ್ಲಿಟ್ಟು ನೋಡಿದಾಗ

ಒಂದು ಕಿಲೋ ನಾಟಿಕೋಳಿಯ ಸಾರನ್ನು ಹೋಲಿಕೆಗೆ ಇಟ್ಟುಕೊಳ್ಳೋಣ. ಬೇಗ ಬೇಯದ ಮಾಂಸವಾದ್ದರಿಂದ ಸ್ಲೋ ಕುಕ್ಕರಿಗೆ ಇದಕ್ಕಿಂತ ಅನುಕೂಲಕರವಾದ ಪರೀಕ್ಷೆ ಇಲ್ಲ. ಇಂಡಕ್ಷನ್ ಒಲೆಯ ಮೇಲೆ ಪ್ರೆಶರ್ ಕುಕ್ಕರ್ ಇಟ್ಟು, 1500 ವಾಟಿನಲ್ಲಿ ಎಂಟು ನಿಮಿಷ ಕಾಯಿಸಿ, ಮೊದಲ ಕೂಗು ಬಂದ ಮೇಲೆ 600 ವಾಟಿಗೆ ಇಳಿಸಿ ಇಪ್ಪತ್ತು ನಿಮಿಷ ಬೇಯಿಸಿದರೆ ಒಟ್ಟು 0.4 ಯೂನಿಟ್, ಅಂದರೆ 2 ರೂಪಾಯಿ 80 ಪೈಸೆ. ಗ್ಯಾಸಿನ ಮೇಲೆ ಇದೇ ಕ್ರಮದಲ್ಲಿ ದೊಡ್ಡ ಬರ್ನರಿನಲ್ಲಿ ಕಾಯಿಸಿ ಸಿಮ್ಮಿಗೆ ಇಳಿಸಿದರೆ ಖರ್ಚಾಗುವುದು ಸುಮಾರು 40 ಗ್ರಾಂ ಅನಿಲ. 14.2 ಕಿಲೋ ಸಿಲಿಂಡರಿನ ಬೆಲೆ 900 ರೂಪಾಯಿ ಎಂದಿಟ್ಟುಕೊಂಡರೆ ಕಿಲೋಗೆ 63 ರೂಪಾಯಿ ಬೀಳುತ್ತದೆ. 40 ಗ್ರಾಮಿಗೆ ಎರಡೂವರೆ ರೂಪಾಯಿ. ಸ್ಲೋ ಕುಕ್ಕರಿನ ಖರ್ಚು ಹತ್ತು ರೂಪಾಯಿಗೆ ಹತ್ತಿರ ಎಂಬುದನ್ನು ಈಗಾಗಲೇ ಕಂಡೆವು. ಸುಮಾರು ನಾಲ್ಕು ಪಟ್ಟು!

ಕಾರಣ ಸರಳವಾಗಿದೆ. ಮೂರು ಕಿಲೋ ಅಡುಗೆಯನ್ನು ಕೋಣೆಯ ಬಿಸಿಯಿಂದ ಕುದಿಯುವ ಹಂತದ ಸಮೀಪಕ್ಕೆ ಏರಿಸಲು ಬೇಕಾಗುವ ಶಾಖ ಕಾಲು ಯೂನಿಟ್ಟಿಗಿಂತಲೂ ಕಡಿಮೆ. ಮಿಕ್ಕ ಒಂದು ಯೂನಿಟ್ಟಿಗೂ ಹೆಚ್ಚಿನದು ಏಳು ಗಂಟೆಗಳ ಉದ್ದಕ್ಕೂ ಕುಕ್ಕರಿನ ಮೈಯಿಂದ, ಮುಚ್ಚಳದಿಂದ ಅಡುಗೆಮನೆಯ ಗಾಳಿಗೆ ಸೇರಿಹೋಗುತ್ತದೆ. ಪ್ರೆಶರ್ ಕುಕ್ಕರಿನೊಳಗೆ ಆವಿಯ ಒತ್ತಡದಿಂದ ನೀರು ಸುಮಾರು 120 ಡಿಗ್ರಿಯವರೆಗೆ ಕಾಯುವುದರಿಂದ ಬೇಯುವ ಸಮಯವೇ ಮೊಟಕಾಗಿ, ಸೋರಿಹೋಗಲು ಶಾಖಕ್ಕೆ ವ್ಯವಧಾನವೇ ಸಿಗುವುದಿಲ್ಲ. ಶೀತದೇಶಗಳಲ್ಲಿ ಹೀಗೆ ಸೋರಿದ ಬಿಸಿ ಮನೆಯನ್ನು ಬೆಚ್ಚಗಿಡುವುದರಿಂದ ಪೂರ್ತಿ ನಷ್ಟವಲ್ಲ. ರಾಯಚೂರಿನ ಮೇ ತಿಂಗಳಿನಲ್ಲಿ ಅದು ಯಾರಿಗೂ ಬೇಡದ ಉಡುಗೊರೆ.

ತೆರೆದ ಪಾತ್ರೆಯೊಂದಿಗೆ ಹೋಲಿಸಿದರೆ ಮಾತ್ರ ಚಿತ್ರ ಬೇರೆ. ಅದೇ ಸಾರನ್ನು ಮಣ್ಣಿನ ಮಡಕೆಯಲ್ಲಿ ಗ್ಯಾಸಿನ ಸಣ್ಣ ಉರಿಯ ಮೇಲೆ ಎರಡೂವರೆ ಗಂಟೆ ಬೇಯಿಸುವವರು 120 ಗ್ರಾಮಿಗೂ ಹೆಚ್ಚು ಅನಿಲ ಉರಿಸುತ್ತಾರೆ, ಅಂದರೆ ಏಳೆಂಟು ರೂಪಾಯಿ. ಸ್ಲೋ ಕುಕ್ಕರ್ ಅದಕ್ಕೆ ಬಹುಮಟ್ಟಿಗೆ ಸರಿಸಾಟಿ, ಮೇಲಾಗಿ ಪಕ್ಕದಲ್ಲಿ ಯಾರೂ ಕಾಯಬೇಕಿಲ್ಲ. ಕಾಲುಸೂಪು, ಹುರುಳಿ ಕಟ್ಟು, ಮೂಳೆಯ ರಸ, ಬೆರಣಿ ಕೆಂಡದ ಮೇಲೆ ಹಗಲಿಡೀ ಕಾಯುತ್ತಿದ್ದ ಕೆನೆಗಟ್ಟಿದ ಹಾಲು, ಇಂತಹವುಗಳಲ್ಲಿ ಅದರ ರುಚಿಯನ್ನೂ ಸಾವಧಾನವನ್ನೂ ಮೆಚ್ಚಲೇಬೇಕು. ದಿನನಿತ್ಯದ ತೊಗರಿಬೇಳೆಯನ್ನು ಅದರಲ್ಲಿ ಬೇಯಿಸುವುದು ಮಾತ್ರ ನನ್ನ ದೃಷ್ಟಿಯಲ್ಲಿ ಅವಿವೇಕ. ಬೆಳಗ್ಗೆ ಎಂಟಕ್ಕೆ ಹೊರಟು ಸಂಜೆ ಏಳಕ್ಕೆ ಮನೆಗೆ ಬರುವವರು ಅನುಕೂಲಕ್ಕಾಗಿ ಕೊಂಡರೆ ಆ ಹತ್ತು ರೂಪಾಯಿ ಸಾರ್ಥಕ. ಉಳಿತಾಯವಾಗುತ್ತದೆಂದು ಕೊಂಡರೆ ಲೆಕ್ಕ ಕೂಡುವುದಿಲ್ಲ.

ಈ ಉಪಕರಣ ಹುಟ್ಟಿದ್ದೇ ಉರಿಯ ಉಳಿತಾಯಕ್ಕಿಂತ ರಾತ್ರಿಯೆಲ್ಲ ತಾನಾಗಿ ಬೇಯುವ ಅಡುಗೆಗಾಗಿ ಎಂಬುದು ಗಮನಾರ್ಹ. ಷಿಕಾಗೋದ ಇರ್ವಿಂಗ್ ನ್ಯಾಕ್ಸನ್ 1940ರಲ್ಲಿ ಇದಕ್ಕೆ ಪೇಟೆಂಟ್ ಪಡೆದರು. ಯಹೂದಿಗಳು ಸಬ್ಬತ್ ದಿನ ಒಲೆ ಹೊತ್ತಿಸದ ಕಾರಣ ಹಿಂದಿನ ಸಂಜೆಯೇ ಬೇಕರಿಯ ಆರುತ್ತಿರುವ ಒಲೆಯಲ್ಲಿಟ್ಟು ಬರುತ್ತಿದ್ದ ‘ಚೋಲೆಂಟ್’ ಎಂಬ ಕಾಳು-ಮಾಂಸದ ಅಡುಗೆಯ ಬಗ್ಗೆ ತಾಯಿ ಹೇಳಿದ ನೆನಪೇ ಅವರಿಗೆ ಪ್ರೇರಣೆಯಾಗಿತ್ತು. ರೈವಲ್ ಕಂಪನಿಯು ಅವರ ಉದ್ಯಮವನ್ನು ಕೊಂಡು 1971ರಲ್ಲಿ ‘ಕ್ರಾಕ್-ಪಾಟ್’ ಹೆಸರಿನಲ್ಲಿ ಮಾರುಕಟ್ಟೆಗೆ ತಂದ ಮೇಲೆ ಅದು ಅಮೆರಿಕದ ಮನೆಮನೆಯನ್ನೂ ಸೇರಿತು.

ಬಳಕೆಯನ್ನು ತಗ್ಗಿಸುವ ದಾರಿಗಳು

ಇವುಗಳಲ್ಲಿ ಅತಿ ಮುಖ್ಯವಾದುದು ಪಾತ್ರೆಯನ್ನು ಸರಿಯಾಗಿ ತುಂಬುವುದು. ಸೋರುವ ಶಾಖ ಕುಕ್ಕರಿನ ಗಾತ್ರವನ್ನು ಅವಲಂಬಿಸಿದೆಯೇ ಹೊರತು ಒಳಗಿರುವ ಸಾರಿನ ಪ್ರಮಾಣವನ್ನಲ್ಲ. ಆದ್ದರಿಂದ ಆರು ಲೀಟರಿನ ಕುಕ್ಕರಿನಲ್ಲಿ ಇಬ್ಬರಿಗೆ ಅಡುಗೆ ಮಾಡಿದರೂ ಆರು ಜನಕ್ಕೆ ಮಾಡಿದರೂ ಯೂನಿಟ್ಟಿನಲ್ಲಿ ಹೆಚ್ಚಿನ ವ್ಯತ್ಯಾಸವಾಗದು. ಅರ್ಧದಿಂದ ಮೂರರಲ್ಲಿ ಎರಡು ಭಾಗದವರೆಗೆ ತುಂಬಿಸಿ ಬೇಯಿಸಿ, ಉಳಿದುದನ್ನು ಅಗಲವಾದ ಪಾತ್ರೆಗಳಲ್ಲಿ ಬೇಗ ತಣಿಸಿ ಫ್ರಿಜ್ಜಿನಲ್ಲಿಟ್ಟರೆ ಒಂದೇ ಖರ್ಚಿನಲ್ಲಿ ಎರಡು ದಿನದ ಊಟವಾಗುತ್ತದೆ. ಇಬ್ಬರೇ ಇರುವ ಮನೆಗೆ ಒಂದೂವರೆ ಅಥವಾ ಎರಡು ಲೀಟರಿನದು ಸಾಕು.

ಎರಡನೆಯದು, ತಣ್ಣನೆಯ ನೀರಿನಿಂದ ಆರಂಭಿಸದಿರುವುದು. ಈರುಳ್ಳಿ ಮಸಾಲೆಗಳನ್ನು ಒಲೆಯ ಮೇಲೆ ಹುರಿದು, ಸಾರನ್ನು ಒಂದು ಕುದಿ ಬರಿಸಿ ಕುಕ್ಕರಿಗೆ ಸುರಿದರೆ ಬಿಸಿಯೇರುವ ಮೊದಲ ಒಂದೆರಡು ಗಂಟೆ ಉಳಿಯುತ್ತದೆ, ಜೊತೆಗೆ ರುಚಿಯೂ ಹೆಚ್ಚು. ಪಿಂಗಾಣಿ ಪಾತ್ರೆ ಫ್ರಿಜ್ಜಿನಿಂದ ಆಗ ತಾನೆ ಹೊರತೆಗೆದದ್ದಾಗಿರಬಾರದು, ಬಿರುಕು ಬಿಡುತ್ತದೆ; ಮೊದಲು ಬಿಸಿನೀರಿನಲ್ಲಿ ತೊಳೆದು ಬೆಚ್ಚಗೆ ಮಾಡಿಕೊಳ್ಳಿ. ಮುಚ್ಚಳವನ್ನು ಪದೇ ಪದೇ ತೆರೆದು ನೋಡುವ ಚಪಲವನ್ನು ಬಿಡಬೇಕು, ಏಕೆಂದರೆ ಪ್ರತಿ ಬಾರಿ ತೆರೆದಾಗಲೂ ಕಳೆದುಹೋದ ಬಿಸಿಯನ್ನು ಮರಳಿ ಗಳಿಸಲು ಇಪ್ಪತ್ತು ನಿಮಿಷ ಬೇಕಾಗುತ್ತದೆ. ಶಾಖ ಸೋರದಿರಲೆಂದು ಕುಕ್ಕರಿಗೆ ಟವೆಲ್ಲನ್ನೋ ಕಂಬಳಿಯನ್ನೋ ಸುತ್ತುವ ಸಲಹೆ ಯಾರಾದರೂ ಕೊಟ್ಟರೆ ಕಿವಿಗೊಡಬೇಡಿ. ಒಳಗಿನ ವೈರುಗಳು ಅಂತಹ ಬಿಸಿಗೆಂದು ಮಾಡಿದವಲ್ಲ, ಬೆಂಕಿಯ ಭಯವಿದೆ.

‘ವಾರ್ಮ್’ ಗುರುತು ಕೂಡ ಯೂನಿಟ್ ತಿನ್ನುತ್ತದೆ. ಎರಡು ಗಂಟೆ ಸಾಕು. ಅದಕ್ಕಿಂತ ತಡವಾಗುವುದಾದರೆ ತಣಿಸಿಟ್ಟು ಉಣ್ಣುವಾಗ ಬಿಸಿ ಮಾಡುವುದೇ ಅಗ್ಗ.

ಮನೆಯ ಇನ್ವರ್ಟರಿನ ಸಾಕೆಟ್ಟಿಗೆ ಇದನ್ನು ಸಿಕ್ಕಿಸಬಾರದು. 12 ವೋಲ್ಟ್, 150 ಆಂಪಿಯರ್-ಗಂಟೆಯ ಬ್ಯಾಟರಿ ಪೂರ್ತಿ ತುಂಬಿದಾಗಲೂ ಹಿಡಿದಿಡುವುದು 1.8 ಯೂನಿಟ್. ಒಂದು ನಾಟಿಕೋಳಿ ಸಾರು ಅದನ್ನು ಬಹುಪಾಲು ಹೀರಿಬಿಡುತ್ತದೆ, ರಾತ್ರಿ ಕರೆಂಟ್ ಹೋದಾಗ ಫ್ಯಾನ್ ತಿರುಗುವುದಿಲ್ಲ. ಛಾವಣಿಯ ಮೇಲೆ ಸೌರಫಲಕವಿದ್ದು ವಿದ್ಯುತ್ತನ್ನು ಬ್ಯಾಟರಿಯಲ್ಲಿ ತುಂಬಿಟ್ಟುಕೊಳ್ಳುವ ಮನೆಯವರು ಬೆಳಗ್ಗೆ ಒಂಬತ್ತರಿಂದ ಸಂಜೆ ನಾಲ್ಕರೊಳಗೆ ಅಡುಗೆ ಮುಗಿಸಿಕೊಂಡರೆ ಬ್ಯಾಟರಿಯ ಮೇಲೆ ಭಾರ ಬೀಳುವುದಿಲ್ಲ.

ಉಳಿತಾಯದ ಹೆಸರಿನಲ್ಲಿ ಮಾಡಬಾರದ ಎರಡು ಕೆಲಸಗಳು

ಒಂದು, ರಾಜ್ಮಾ ಕಾಳನ್ನು ನೇರವಾಗಿ ಸ್ಲೋ ಕುಕ್ಕರಿಗೆ ಹಾಕುವುದು. ಹಸಿ ರಾಜ್ಮಾದಲ್ಲಿ ಹೊಟ್ಟೆ ಕೆಡಿಸುವ ಲೆಕ್ಟಿನ್ ಎಂಬ ನಂಜಿದೆ. ಅದು ನಾಶವಾಗಬೇಕಾದರೆ ಕಾಳು ಚೆನ್ನಾಗಿ ಕುದಿಯಬೇಕು; ಸುಮಾರು 80 ಡಿಗ್ರಿಯ ಅರೆಬಿಸಿಯಲ್ಲಿ ಬೆಂದ ಕಾಳು ಹಸಿಕಾಳಿಗಿಂತಲೂ ಹೆಚ್ಚು ಅಪಾಯಕಾರಿಯಾಗಬಲ್ಲದು. ರಾತ್ರಿಯಿಡೀ ನೆನೆಸಿ, ನೆನೆದ ನೀರನ್ನು ಚೆಲ್ಲಿ, ಹೊಸ ನೀರಿನಲ್ಲಿ ಒಲೆಯ ಮೇಲೆ ಅರ್ಧ ಗಂಟೆ ಕುದಿಸಿದ ನಂತರವೇ ಕುಕ್ಕರಿಗೆ ಹಾಕಿ. ಪ್ರೆಶರ್ ಕುಕ್ಕರಿನಲ್ಲಿ ಈ ತೊಂದರೆಯೇ ಇಲ್ಲ. ಸಮುದ್ರಮಟ್ಟದಿಂದ ಒಂಬೈನೂರು ಮೀಟರಿಗೂ ಮೇಲಿರುವ ಬೆಂಗಳೂರಿನಲ್ಲಿ ನೀರು 97 ಡಿಗ್ರಿಗೇ ಕುದಿಯುವುದರಿಂದ ಅಲ್ಲಿ ಸಮಯವನ್ನು ಕಡಿತಗೊಳಿಸಲೇಬಾರದು.

ಇನ್ನೊಂದು, ಫ್ರೀಜರಿನಿಂದ ತೆಗೆದ ಗಟ್ಟಿ ಮಾಂಸವನ್ನು ಹಾಗೆಯೇ ಹಾಕುವುದು. 5ರಿಂದ 60 ಡಿಗ್ರಿಯ ನಡುವೆ ಬ್ಯಾಕ್ಟೀರಿಯಾಗಳು ಬಹಳ ಬೇಗ ಹೆಚ್ಚುತ್ತವೆ. ಮಾಂಸ ಆ ವಲಯವನ್ನು ಎರಡು ಗಂಟೆಯೊಳಗೆ ದಾಟಿಬಿಡಬೇಕು. ಹೆಪ್ಪುಗಟ್ಟಿದ ಮಾಂಸವನ್ನು ಹಾಕಿದಾಗಲೂ ವೋಲ್ಟೇಜ್ ಕುಸಿದಾಗಲೂ ಅದು ಸಾಧ್ಯವಾಗುವುದಿಲ್ಲ. ವೋಲ್ಟೇಜ್ ಇಳಿಯುವ ಊರಿನವರು ಸಾರನ್ನು ಒಲೆಯ ಮೇಲೆ ಕುದಿಸಿಯೇ ಕುಕ್ಕರಿಗೆ ವರ್ಗಾಯಿಸುವುದು ಕ್ಷೇಮ.

ಮನೆಯಲ್ಲಿ ಯಾರೂ ಇಲ್ಲದಾಗ ಕರೆಂಟ್ ಹೋಗಿ ಬಂದರೆ ಏನು ಮಾಡುವುದು? ಡಿಜಿಟಲ್ ಕುಕ್ಕರುಗಳಲ್ಲಿ ಹಲವು ವಿದ್ಯುತ್ ಮರಳಿದರೂ ಆರಿಯೇ ಇರುತ್ತವೆ, ಪರದೆ ನೋಡಿದರೆ ತಿಳಿಯುತ್ತದೆ. ಗುಂಡಿಯ ಕುಕ್ಕರುಗಳು ಏನೂ ಆಗದಂತೆ ಮತ್ತೆ ಉರಿಯತೊಡಗುವುದರಿಂದ ನಡುವೆ ನಿಂತಿತ್ತೆಂಬ ಸುಳಿವೇ ಸಿಗುವುದಿಲ್ಲ. ಪ್ಲಗ್ಗಿನ ಎನರ್ಜಿ ಮೀಟರ್ ಇಲ್ಲಿ ಸಾಕ್ಷಿ ನುಡಿಯುತ್ತದೆ. ಏಳು ಗಂಟೆಗೆ 1.4 ಯೂನಿಟ್ ತೋರಿಸಬೇಕಾದ ಕಡೆ 0.9 ತೋರಿಸಿದರೆ ಕೊರತೆ ಅರ್ಧ ಯೂನಿಟ್, ಗಂಟೆಗೆ 0.2ರಂತೆ ಭಾಗಿಸಿದರೆ ಎರಡೂವರೆ ಗಂಟೆ ಕರೆಂಟ್ ಇರಲಿಲ್ಲವೆಂದು ಅರ್ಥ. ಅಷ್ಟು ಹೊತ್ತು ನಿಂತ ಮಾಂಸದ ಅಡುಗೆಯನ್ನು, ವಾಸನೆ ಚೆನ್ನಾಗಿದ್ದರೂ, ಚೆಲ್ಲಿಬಿಡಬೇಕು.

ಹೊರನಾಡಿನಲ್ಲಿರುವವರಿಗೆ, ಅಲ್ಲಿಂದ ತರುವವರಿಗೆ

ಇಂಗ್ಲೆಂಡಿನಲ್ಲಿ 2025ರಲ್ಲಿ ಯೂನಿಟ್ಟಿನ ಬೆಲೆ ಸುಮಾರು 26 ಪೆನ್ಸ್ ಇತ್ತು, 1.4 ಯೂನಿಟ್ಟಿನ ಅಡುಗೆಗೆ 36 ಪೆನ್ಸ್. ಅದೇ ಮಾಂಸವನ್ನು ಎರಡು ಮೂರು ಗಂಟೆ ಓವನ್ನಿನಲ್ಲಿಟ್ಟರೆ ಎರಡು ಯೂನಿಟ್ ಸುಲಭವಾಗಿ ಮೀರುತ್ತದೆ. ಆದಕಾರಣ ಅಲ್ಲಿ ಸ್ಲೋ ಕುಕ್ಕರ್ ಉಳಿತಾಯವೆಂಬ ಮಾತು ನಿಜ. ರಾತ್ರಿಯ ಏಳು ಗಂಟೆ ಅಗ್ಗದ ದರ ನೀಡುವ ‘ಎಕಾನಮಿ 7’ ಸಂಪರ್ಕ ಉಳ್ಳವರು ಮಲಗುವಾಗ ಹಚ್ಚಿ ಬೆಳಗ್ಗೆ ಇಳಿಸಿದರೆ ಇನ್ನೂ ಲಾಭ. ಅಮೆರಿಕದಲ್ಲಿ 2024ರ ಸರಾಸರಿ ದರ ಯೂನಿಟ್ಟಿಗೆ ಸುಮಾರು 16 ಸೆಂಟ್ ಇತ್ತು, ಕ್ಯಾಲಿಫೋರ್ನಿಯಾದಲ್ಲಿ ಅದರ ಸುಮಾರು ಎರಡು ಪಟ್ಟು. 250 ವಾಟಿನ ಕುಕ್ಕರ್ ಎಂಟು ಗಂಟೆ ಉರಿದರೆ ಎರಡು ಯೂನಿಟ್, ಸರಾಸರಿ ದರದಲ್ಲಿ 32 ಸೆಂಟ್.

ಅಮೆರಿಕದಿಂದ ಮರಳುವ ಮಗಳೋ ಅಳಿಯನೋ ಸಾಮಾನಿನ ಜೊತೆ ಅಲ್ಲಿಯ ಸ್ಲೋ ಕುಕ್ಕರನ್ನೂ ತರುವುದುಂಟು. ತಳದ ಚೀಟಿಯಲ್ಲಿ 120 ವೋಲ್ಟ್ ಎಂದಿದ್ದರೆ ಅದನ್ನು ನಮ್ಮ ಸಾಕೆಟ್ಟಿಗೆ ಸಿಕ್ಕಿಸಲೇಬಾರದು. ಎರಡು ಪಟ್ಟಿಗೆ ಹತ್ತಿರದ ವೋಲ್ಟೇಜಿನಲ್ಲಿ 250 ವಾಟಿನ ತಂತಿ 900 ವಾಟಿಗೂ ಹೆಚ್ಚು ಎಳೆದು ಕೆಲವೇ ನಿಮಿಷಗಳಲ್ಲಿ ಸುಟ್ಟುಹೋಗುತ್ತದೆ. ಪಿನ್ನಿನ ಆಕಾರವನ್ನಷ್ಟೇ ಬದಲಿಸುವ ಅಗ್ಗದ ಅಡಾಪ್ಟರ್ ವೋಲ್ಟೇಜನ್ನು ಇಳಿಸುವುದಿಲ್ಲ. ಇಳಿಸುವ ಟ್ರಾನ್ಸ್‌ಫಾರ್ಮರ್ ಬೇಕು, ಗಂಟೆಗಟ್ಟಲೆ ಉರಿಯುವ ಉಪಕರಣವಾದ್ದರಿಂದ ಅದರ ಸಾಮರ್ಥ್ಯ ಕುಕ್ಕರಿನ ಎರಡರಷ್ಟು, ಅಂದರೆ 500 ವೋಲ್ಟ್-ಆಂಪಿಯರಿನದಾದರೂ ಇರಬೇಕು. ಅದು ತನ್ನ ಪಾಲಿಗೂ ಒಂದಿಷ್ಟು ವಿದ್ಯುತ್ತನ್ನು ಬಿಸಿಯಾಗಿ ಕಳೆಯುತ್ತದೆ, ಕೆಲಸ ಮುಗಿದ ಮೇಲೆ ಗೋಡೆಯ ಸ್ವಿಚ್ ಆರಿಸದಿದ್ದರೆ ಕುಕ್ಕರ್ ಆರಿದ ಮೇಲೂ ಕಳೆಯುತ್ತಲೇ ಇರುತ್ತದೆ. ಇಂಗ್ಲೆಂಡಿನಿಂದ ತಂದದ್ದಾದರೆ ಚೀಟಿಯಲ್ಲಿ 220–240 ವೋಲ್ಟ್ ಇರುವುದನ್ನು ಖಚಿತಪಡಿಸಿಕೊಂಡು, ಪ್ಲಗ್ಗನ್ನು ನಮ್ಮ ಮೂರು ಪಿನ್ನಿನದಕ್ಕೆ ಎಲೆಕ್ಟ್ರಿಷಿಯನ್ ಕೈಯಲ್ಲಿ ಬದಲಾಯಿಸಿಕೊಂಡರೆ ಸಾಕು, ಬೇರೇನೂ ಬೇಕಾಗದು.